ಚೀಟಿ ಮೀರದ ಶಿವನಂಜಮ್ಮ

ದೇವನೂರಿನ ಶಿವನಂಜಮ್ಮ ದಿನಾ ಬೆಳಿಗ್ಗೆ ದೇವರಿಗೆ ಕುಂಕುಮವಿಟ್ಟ ಬೆರಳಲ್ಲೇ ಎಣ್ಣೆ ಬಾಟಲಿಗೂ ಒಂದು ಗೆರೆ ಎಳೆಯುತ್ತಿದ್ದರು; ಆ ದಿನದ ಅಡುಗೆ ಮುಗಿದರೂ ಎಣ್ಣೆ ಆ ಗೆರೆಗಿಂತ ಕೆಳಗಿಳಿಯಕೂಡದು. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನೂ ಪೂಜೆಯೆಂದೇ ತಿಳಿದು ಬಾಟಲಿಗೆ ಕೈಮುಗಿದಿದ್ದ ಸೊಸೆ ಭಾನುಪ್ರಿಯಾ, ನಿಜ ಗೊತ್ತಾದಾಗ ಬೆಚ್ಚಿಬಿದ್ದಳು. ತಿಂಗಳ ಸಾಮಾನಿನ ಚೀಟಿಯೂ ಹಾಗೆಯೇ. ಅದಕ್ಕೆ ಹೊಸದೊಂದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ಮಗ ಶಾವಿಗೆ ಕೇಳಿದ ತಿಂಗಳು ಅವನ ಹಪ್ಪಳ ಹೋಯಿತು. ನೆಂಟರು ಬಂದರೆ ಸೊಸೆಗೆ, "ಒಂಚೂರು ನೀರು, ಒಂಚೂರು ಉಪ್ಪು ಆಕವ್ವ, ಸಾರು ತಾನೇ ಎಚ್ಚಾಯ್ತದೆ" ಎನ್ನುವರು. ಭಾನುಪ್ರಿಯಾ ಬಸುರಿಯಾದ ತಿಂಗಳು ನಂಜನಗೂಡಿನ ಅಂಗಡಿಯಲ್ಲಿ ಚೀಟಿ ಬಿಚ್ಚಿದವಳು ಅಲ್ಲೇ ದಂಗಾಗಿ ನಿಂತಳು: ಕಾಲು ಕೆಜಿ ಬಾದಾಮಿ ಸೇರಿತ್ತು, ಎಲೆಅಡಿಕೆಗೆ ಗೀಟು ಬಿದ್ದಿತ್ತು. ನಲವತ್ತು ವರ್ಷದಿಂದ ಊಟ ಬಿಟ್ಟರೂ ಎಲೆಅಡಿಕೆ ಬಿಡದ ಬಾಯಿ ಅತ್ತೆಯದು. ಮನೆಗೆ ಬಂದವಳೇ, "ಎಲೆಅಡಿಕೆ ನನ್ನ ಸಂಬಳದಲ್ಲಿ ತತ್ತೀನಿ ಅತ್ತೆ, ಚೀಟೀಲಿ ಬರೀಬ್ಯಾಡಿ" ಅಂದಳು. ಶಿವನಂಜಮ್ಮ ಬರಿಬಾಯಲ್ಲೇ ನಕ್ಕರು. "ಬ್ಯಾಡ ಕಣವ್ವ. ನಾನೇ ಚೀಟಿ ಮೀರುದ್ರೆ, ನಾಳೆ ನಿನ್ಗೆ ಬ್ಯಾಡ ಅನ್ನಕ್ಕೆ ನನ್ಗೆ ಬಾಯೆಲ್ಲಿ ಅದೆ?"