ಮಾತ್ರೆ ತೇಯ್ದ ಕಲ್ಲು

ಗೂಡಲೂರಿನ ಹೊರಗೆ ನಾನು ಕೆಲಸ ಮಾಡುವ ಪ್ರಯೋಗಾಲಯ ಚಿಕ್ಕದು. ಗಾಜಿನ ಸಾಮಾನು ತೊಳೆಯುವುದು, ಪರೀಕ್ಷೆ ಮಾಡುವ ಸಾರ್ ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಹೋದ ವರ್ಷ ಅಲ್ಲಿಗೆ ಹೊಸ ಬಗೆಯ ನೋವಿನ ಮಾತ್ರೆ ಬಂತು. ಡಾಕ್ಟರು ಬರೆದುಕೊಟ್ಟ ಬಲವಾದ ಮಾತ್ರೆಯನ್ನು ಕೆಲವರು ಮತ್ತಿಗಾಗಿ ಪುಡಿ ಮಾಡುತ್ತಾರೆ. ನಿಧಾನವಾಗಿ ಮೈಗೆ ಸೇರಬೇಕಾದದ್ದು ಒಮ್ಮೆಲೇ ಸೇರುತ್ತದೆ. ಅದಕ್ಕೇ ಕಂಪನಿಯವರು ಪುಡಿಯಾಗದ ಮಾತ್ರೆ ಮಾಡಲು ಹೊರಟಿದ್ದರು. ನಮಗೆ ಕಳಿಸಿದ್ದರಲ್ಲಿ ಮದ್ದು ಇರಲಿಲ್ಲ. ಒಡೆಯುತ್ತದೆಯೋ ಇಲ್ಲವೋ ನೋಡಿ ಹೇಳಬೇಕಿತ್ತು, ಅಷ್ಟೆ.

ನನ್ನ ತಮ್ಮ ಸತ್ತು ಆಗ ಏಳು ತಿಂಗಳು. ರೆಸಾರ್ಟಿನ ಕಟ್ಟಡದ ಕೆಲಸದಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾದಾಗ ಅವನಿಗೆ ಮಾತ್ರೆ ಶುರುವಾಯಿತು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಡಾಕ್ಟರು ಕಾರಣವನ್ನು ನನ್ನೊಬ್ಬಳಿಗೆ ಹೇಳಿದರು. ನಾನು ಅವ್ವನಿಗೂ ಮಸಿನಗುಡಿಯ ನಮ್ಮ ಬೀದಿಗೂ ಹೃದಯ ನಿಂತುಹೋಯಿತು ಎಂದು ಹೇಳಿದೆ.

ಅವನ ಹಾಸಿಗೆಯ ಕೆಳಗೆ ಬಜೆ ತೇಯುವ ಕಲ್ಲು ಸಿಕ್ಕಿತ್ತು. ನಾವು ಕೂಸುಗಳಾಗಿದ್ದಾಗ ಅವ್ವ ಅದರ ಮೇಲೆಯೇ ಬಜೆ, ಜಾಜಿಕಾಯಿ ತೇಯ್ದು ನೆಕ್ಕಿಸುತ್ತಿದ್ದಳು. ಕಲ್ಲಿನ ತಗ್ಗಿನಲ್ಲಿ ಬಿಳಿ ಹತ್ತಿತ್ತು. ನಮ್ಮದು ಸಾಲುಮನೆ. ಕುಟ್ಟಿದರೆ ಪಕ್ಕದ ಮನೆಯವರು ಇವತ್ತೇನು ಸಾರು ಎಂದು ಕೇಳುತ್ತಾರೆ. ತೇಯುವುದಕ್ಕೆ ಸದ್ದಿಲ್ಲ. ಕಲ್ಲನ್ನು ನನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ಪ್ರಯೋಗಾಲಯದಲ್ಲಿ ಸುತ್ತಿಗೆಯಿಂದ ಹೊಡೆದರು, ಕುಟ್ಟಾಣಿಯಲ್ಲಿ ಕುಟ್ಟಿದರು, ಮಿಕ್ಸಿಗೂ ಹಾಕಿದರು. ಮಾತ್ರೆ ಚಪ್ಪಟೆಯಾಯಿತೇ ಹೊರತು ಪುಡಿಯಾಗಲಿಲ್ಲ. ನನ್ನನ್ನು ದಿನಾ ಕರೆತರುವ ಜೀಪಿನ ಡ್ರೈವರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ನಮ್ಮ ಬೀದಿಯವನೇ.

"ಅಕ್ಕ, ಇಂಥವು ನಾಕು ಚೀಲ ಕೊಡ್ಸು. ಜೀಪಿಗೆ ಬಂಪರ್ ಮಾಡಿಸ್ತೀನಿ. ಆನೆ ಗುದ್ದುದ್ರೆ ಆನೇಗೇ ನೋವು. ಆಮೇಲೆ ಅದ್ಕೂ ಇದೇ ಮಾತ್ರೆ ಕೊಡ್ಬೋದು."

ಸಾರ್ ನಕ್ಕರು. "ಬರ್ಕೊಳ್ಳಿ, ಪುಡಿಯಾಗಲಿಲ್ಲ. ಊಟ ಆದ್ಮೇಲೆ ಸಹಿ ಹಾಕಿ ಕಳಿಸೋಣ."

ಬರೆದೆ. ಊಟದ ಡಬ್ಬಿ ತೆರೆಯಲಾಗಲಿಲ್ಲ. ತಮ್ಮನ ವಿಷಯ ಹೇಳಿದರೆ ಡ್ರೈವರಿಗೆ ಗೊತ್ತಾಗುತ್ತದೆ, ಅವನಿಂದ ಅವನ ಹೆಂಡತಿಗೆ, ಸಂಜೆಯೊಳಗೆ ಅವ್ವನಿಗೆ. ಹೇಳದಿದ್ದರೆ ಈ ಮಾತ್ರೆ ಇನ್ಯಾರದೋ ಮನೆಗೆ ಹೋಗುತ್ತದೆ. ಆ ಮನೆಯಲ್ಲೂ ಕಲ್ಲು ಇರುತ್ತದೆ. ತೊಳೆದ ಗಾಜನ್ನೇ ಮತ್ತೆ ತೊಳೆದೆ. ಸಾರ್ ಪೆನ್ನು ಕೈಗೆತ್ತಿಕೊಂಡರು.

"ಸಾರ್, ತೇಯ್ದು ನೋಡಿಲ್ಲ."

"ಕುಟ್ಟಾಣಿ ಆಯ್ತಲ್ಲಮ್ಮ."

"ಕುಟ್ಟೋದಲ್ಲ ಸಾರ್. ಕೂಸಿಗೆ ಬಜೆ ತೇಯ್ತಾರಲ್ಲ, ಹಂಗೆ."

ಹಿತ್ತಲಿನಿಂದ ಒಂದು ಒರಟು ಕಲ್ಲು ತಂದು ನಾನೇ ತೇಯ್ದೆ. ಅರ್ಧ ಗಂಟೆಗೆ ಭುಜ ಸೋತಿತು, ಕಲ್ಲು ಬೆಳ್ಳಗಾಯಿತು. ಸಾರ್ ಆ ಬಿಳಿಯನ್ನು ಕೆರೆದು ತೂಗಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ನಿಮಗೆ ಇದು ಹೇಗೆ ಹೊಳೀತು?"

"ನನ್ನ ತಮ್ಮ ಹಿಂಗೇ ಮಾಡ್ತಿದ್ದ ಸಾರ್."

ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಸಂಜೆ ಊರಿಗೆ ವಾಪಸಾಗುವಾಗ ಜೀಪು ತೆಪ್ಪಕಾಡು ದಾಟಿತು. ಆಗ ಡ್ರೈವರ್, "ನಾನೇನೂ ಕೇಳುಸ್ಕಂಡಿಲ್ಲ ಅಕ್ಕ" ಎಂದ. ಅವನು ಹಾಗೆಂದದ್ದರಿಂದಲೇ ನನ್ನ ಹೆದರಿಕೆ ಹೆಚ್ಚಾಯಿತು. ಬೀದಿಯ ಬಾಯಿಂದ ಕೇಳುವ ಮೊದಲು ಅವ್ವನಿಗೆ ನಾನೇ ಹೇಳಬೇಕೆಂದು, ಜೀಪಿನಿಂದಿಳಿದು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದೆ.

ಅವ್ವ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಕಲ್ಲ ಎಲ್ಲಿ ಮಡಗಿದ್ದೀಯೆ?"

"ನನ್ನ ಪೆಟ್ಟಿಗೇಲಿ."

"ದಿನಾ ಅದ ತೊಳೀತಿದ್ದೋಳು ನಾನೇ ಕನವ್ವ. ಮೊದ್ಲು ಹೊಟ್ಟೆನೋವ್ಗೆ ಏನೋ ತೇಯ್ಕತಾವನೆ ಅನ್ಕಂಡೆ. ಆಮೇಲೆ ಹಂಗನ್ಕಳಕ್ಕೆ ಆಗ್ನಿಲ್ಲ. ಕೇಳುದ್ರೆ ಮನೆ ಬುಟ್ಟು ಹೋಯ್ತಾನೇನೋ ಅಂತ ಕೇಳ್ನಿಲ್ಲ. ತೊಳ್ದು ಮಡಗ್ತಿದ್ದೆ."

ನಾನು ಕೂತೆ. ಮೊರದಲ್ಲಿ ಒಂದು ಕಲ್ಲು ಸಿಕ್ಕಿತು. ಅವ್ವ ಅದನ್ನು ಎತ್ತಿ ಹೊರಗೆ ಎಸೆದಳು.

"ನಿಮ್ ಮಾತ್ರೇನ ಇನ್ನೂ ಗಟ್ಟಿ ಮಾಡ್ತಾರ?"

"ಸಾರ್ ಕಂಪನಿಗೆ ಬರೀತೀನಿ ಅಂದ್ರು."

ಬದಲಾಯಿಸಿದ ಮಾತ್ರೆ ಮೊನ್ನೆ ಬಂದಿದೆ. ರಿಜಿಸ್ಟರಿನಲ್ಲಿ ತೇಯುವುದಕ್ಕೂ ಈಗ ಒಂದು ಕಾಲಂ ಇದೆ. ಏನಾಯಿತು ಎಂದು ಅವ್ವ ಸಂಜೆ ಸಂಜೆ ಕೇಳುತ್ತಾಳೆ. ಇವತ್ತು ಒಂದು ಗಂಟೆ ತೇಯ್ದೆ. ಕಲ್ಲಿಗೆ ಅಂಟು ಹತ್ತಿತು, ಪುಡಿ ಬರಲಿಲ್ಲ. ಸಾಕು ಎಂದರು ಸಾರ್. ಸಾಲದು ಎಂದೆ. ನನ್ನ ತಮ್ಮನಿಗೆ ತೇಯಲು ಮಧ್ಯಾಹ್ನವೆಲ್ಲ ಬಿಡುವಿರುತ್ತಿತ್ತು.