ಅಪ್ಪ ಎದ್ದು ನಿಂತಾಗ

ಹರಿಹರದ ಆ ಬೀದಿಗೆ ಹೋದರೆ ನಾನು ಈಗಲೂ ಎದುರು ಸಾಲಿನಲ್ಲೇ ನಡೆಯುತ್ತೇನೆ. ಅಪ್ಪನ ಮೆಡಿಕಲ್ ಶಾಪ್ ಇದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ. ಅಂಗಡಿಯವರು ಒಳ್ಳೆಯವರು, ಕಂಡರೆ ಕರೆಯುತ್ತಾರೆ. ಆದರೆ ಅವರು ಗಲ್ಲಾದ ಹಿಂದಿನಿಂದ ಎದ್ದು ನಿಂತರೆ ಸಾಕು, ನಾನು ಸರಸರ ಮುಂದೆ ಹೋಗಿಬಿಡುತ್ತೇನೆ. ಯಾಕೆಂದು ಹೇಳಿದರೆ ಜನ ನಗುತ್ತಾರೆ, ಅದಕ್ಕೇ ಹೇಳುವುದಿಲ್ಲ.

ಅಪ್ಪ ಸೈನ್ಯದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸಕ್ಕೆ ಸೇರಿ, ಕ್ಯಾಪ್ಟನ್ ಆಗಿ ನಿವೃತ್ತರಾಗಿ ಬಂದು ಆ ಅಂಗಡಿ ಇಟ್ಟವರು. ಗಿರಾಕಿ ಯಾರೇ ಬರಲಿ, ಕೂತಲ್ಲಿಂದಲೇ ಕಪಾಟಿಗೆ ಕೈ ಚಾಚುತ್ತಿದ್ದರು. ಎಂಥ ದೊಡ್ಡ ಮನುಷ್ಯ ಬಂದರೂ ಏಳುವ ಪೈಕಿ ಅಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡ ಮೇಲೆ, ಉಳಿದ ಮಾತ್ರೆ ಹಿಂದಿರುಗಿಸಲು ಜನ ಬರುತ್ತಾರಲ್ಲ, ಆಗ ಮಾತ್ರ ಏಳುತ್ತಿದ್ದರು. ಅವರ ಕೈಯ ಕವರು ನೋಡುತ್ತಲೇ ಅಪ್ಪನಿಗೆ ತಿಳಿಯುತ್ತಿತ್ತು. ಗುತ್ತೂರಿನ ಕೂಲಿಯವನಿರಲಿ, ಪೇಟೆಯ ಸಾಹುಕಾರನಿರಲಿ, ಪರೇಡಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, “ಯಾರು ಹೋದ್ರು?” ಎಂದು ಕೇಳುತ್ತಿದ್ದರು. ಆ ಮಾತ್ರೆಗಳನ್ನು ಮತ್ತೆ ಮಾರುತ್ತಲೂ ಇರಲಿಲ್ಲ.

“ಮತ್ಯಾಕೆ ತಗಂತೀರಿ?” ಎಂದು ಅವ್ವ ಒಮ್ಮೆ ರೇಗಿದಳು.

“ಮನ್ಯಾಗಿದ್ರೆ ಅವ್ರು ದಿನಾ ನೋಡ್ಬೇಕಾಗ್ತೈತೆ” ಅಂದರು ಅಪ್ಪ.

ಕೊನೆಕೊನೆಗೆ ಅಪ್ಪನಿಗೆ ಮರೆವು ಹತ್ತಿತು. ಅವ್ವ ಪಕ್ಕದಲ್ಲಿ ಇರುವಷ್ಟು ದಿನ ಅದು ಹೊರಗೆ ಬೀಳಲಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ಹೆಸರು ಹಿಡಿದು ಕೂಗಿ, ಮಾತ್ರೆಯನ್ನೂ ತಾನೇ ನೋಡಿ ಕೊಡುತ್ತಿದ್ದಳು. ಆಮೇಲೆ ಅವ್ವ ಕಣ್ಣಿನ ಆಪರೇಷನ್ನಿಗೆಂದು ದಾವಣಗೆರೆಯ ನಮ್ಮ ಮನೆಗೆ ಬಂದಳು. ನಾಲ್ಕು ದಿನ ಅಂಗಡಿ ಮುಚ್ಚಿರಿ ಎಂದರೆ ಅಪ್ಪ ಕೇಳಲಿಲ್ಲ.

ಅಂಗಡಿಯ ಎದುರಿಗಿದ್ದ ಟೈಲರ್ ಚಾಚಾ ಫೋನ್ ಮಾಡಿದರು. “ಬೇಟಾ, ಸಾಹೇಬ್ರು ಯಾರು ಬಂದ್ರೂ ಎದ್ದು ನಿಂತ್ಕಂತಾರೆ. ಜ್ವರದ ಗುಳಿಗೆ ಕೇಳಾಕೆ ಬಂದ ಹೆಣ್ಮಗಳಿಗೆ ಯಾರು ಹೋದ್ರು ಅಂದ್ರು. ಪಾಪ, ಓಡೇಬಿಟ್ಲು.”

ಕಡ್ಡಿ ಗುಡ್ಡವಾಗಲು ನಮ್ಮೂರಲ್ಲಿ ಎಷ್ಟು ಹೊತ್ತು ಬೇಕು? ಸಾಹೇಬರು ಎದ್ದು ನಿಂತರೆ ಬಂದವರ ಮನೆಯಲ್ಲಿ ಹೆಣ ಬೀಳುತ್ತದೆ ಎಂದು ಸುದ್ದಿ ಹಬ್ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅವ್ವ ಮಾತ್ರ, “ಊರನ್ನೇ ಮರೆತ್ರೂ ನಿನ್ನ ಮರಿಯಲ್ಲ ಬಿಡು. ಅಂಗಡಿ ಮುಚ್ಚಿಸಿ ಕರ್ಕಂಡು ಬಾ” ಎಂದಳು. ನನ್ನನ್ನೂ ಮರೆತಿದ್ದರೆ? ಬಸ್ಸಿನಲ್ಲಿ ಬೇರೆ ಯೋಚನೆಯೇ ಬರಲಿಲ್ಲ.

ಅಪ್ಪನಿಗೆ ಇಷ್ಟವೆಂದು ಮಂಡಕ್ಕಿ ಕಟ್ಟಿಸಿಕೊಂಡಿದ್ದೆ. ಕವರು ಹಿಡಿದು ಮೆಟ್ಟಿಲು ಹತ್ತಿದೆ. ಅಪ್ಪ ಕವರು ನೋಡಿದರು, ನನ್ನನ್ನು ನೋಡಿದರು. ಎದ್ದು ನಿಂತರು.

“ಬರ್ರಿ ತಾಯಿ, ಕೂಡ್ರಿ. ಯಾರು ಹೋದ್ರು?”

“ಅಪ್ಪಾ, ನಾನು” ಅಂದೆ. ಅಪ್ಪಾ ಎನ್ನುತ್ತ ಬಂದವರು ಆ ಮೆಟ್ಟಿಲಿಗೆ ಎಷ್ಟು ಜನವೋ. ಅಪ್ಪ ಸಮಾಧಾನದಿಂದ ಕಾದರು. ಕಂಡವರಿಗೆಲ್ಲ ತೋರಿಸುವಂಥ ಕನಿಕರ ಆ ಕಣ್ಣಲ್ಲಿತ್ತು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿರಲಿಲ್ಲ. ನನ್ನ ಬಾಯಿಗೆ ಬೀಗವಿಲ್ಲವೆಂದು ಅವ್ವ ಬೈಯುವುದುಂಟು. ಆ ಬಾಯೇ ಹೇಳಿಬಿಟ್ಟಿತು.

“ನಮ್ಮಪ್ಪ.”

ಬದುಕಿರುವವರ ಸಾವು ನುಡಿಯಬಾರದು ಎನ್ನುತ್ತಾರೆ. ಆ ಮಳೆಗಾಲ ಮುಗಿಯುವುದರೊಳಗೆ ಅಪ್ಪ ಹೋದರು. ಆದರೆ ಅಂದು ನಾನು ಆಡಿದ್ದನ್ನು ಸುಳ್ಳು ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ.

“ಏನ್ ಮಾಡ್ಕಂಡಿದ್ರು?”

“ಮಿಲಿಟರಿಯಾಗಿದ್ರು.”

ಅಪ್ಪನ ಮುಖ ಅರಳಿತು. “ಹಂಗಾದ್ರೆ ನನಗೆ ಗೊತ್ತಿರ್ಬೇಕಲ್ಲ. ಹೆಸ್ರೇನು?”

ಅಪ್ಪನ ಹೆಸರನ್ನು ಅಪ್ಪನಿಗೇ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ತಪ್ಪು ಮಾಡಿದವರಂತೆ ತಲೆಯಾಡಿಸಿದರು.

“ಗುರ್ತು ಸಿಗ್ಲಿಲ್ಲಮ್ಮ. ಒಳ್ಳೆ ಮನುಷ್ಯ ಇದ್ರಾ?”

“ಭಾಳ ಒಳ್ಳೇರಿದ್ರು.”

“ಹಂಗಾದ್ರೆ ಅತ್ತುಬಿಡ್ರಿ” ಅಂದರು.

ಅವರ ಎದುರಿಗೇ ಕೂತು, ಅವರಿಗಾಗಿ ಅತ್ತುಬಿಟ್ಟೆ.