ನಾನೇ ತುಂಬಿದ ಮಡಿಲು

ಹೋದ ವರ್ಷ ಯುಗಾದಿ ಕಳೆದು ವಾರವಾಗಿತ್ತು. ಅಂಗನವಾಡಿ ಕೆಲಸದಿಂದ ನಿವೃತ್ತಳಾದ ನಾನು ಚನ್ನಪಟ್ಟಣದ ಮನೆಯಲ್ಲಿ ಸುಮ್ಮನೆ ಕೂರಲಾಗದೆ ರಾಮನಗರದ ಒಂದು ಕೇಂದ್ರಕ್ಕೆ ಸಂಬಳವಿಲ್ಲದೆ ಹೋಗತೊಡಗಿದ್ದೆ. ಗಂಡನಿಂದ ಏಟು ತಿಂದು ಬರುವ ಹೆಂಗಸರಿಗೆ ಆಸರೆ ಕೊಡುವ ಜಾಗ ಅದು. ಸಂಸಾರ ಸರಿ ಮಾಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು.

ಆಸ್ಪತ್ರೆಯ ನರ್ಸ್ ಒಬ್ಬರು ಅನುಮಾನಪಟ್ಟು ಕನಕಪುರದ ಕಡೆಯ ಹುಡುಗಿಯೊಬ್ಬಳನ್ನು ಕರೆತಂದರು. ರೂಪಾ ಎಂದುಕೊಳ್ಳಿ. ಎಡಗೈ ಮುರಿದಿತ್ತು. ಡಾಕ್ಟರಿಗೂ ಹೆತ್ತ ತಾಯಿಗೂ "ಬಚ್ಚಲಲ್ಲಿ ಜಾರ್ಬುಟ್ಟೆ" ಎಂದೇ ಹೇಳಿದ್ದಳಂತೆ. ಮೂರನೆಯ ದಿನ ನಾನು ಅವಳ ತಲೆ ಬಾಚುತ್ತಿದ್ದಾಗ ಮೆಲ್ಲಗೆ, "ಜಾರಿದ್ದಲ್ಲ ಅಕ್ಕಾ, ಮುದ್ದೆ ಕೋಲಲ್ಲಿ ಹೊಡ್ದ" ಎಂದಳು. ನನ್ನೊಬ್ಬಳಿಗೇ ಹೇಳಿದ್ದು.

ಐದನೆಯ ದಿನ ಗಂಡ ಬಂದು ನನ್ನ ಕಾಲಿಗೆ ಬಿದ್ದ. "ರೇಷ್ಮೆ ಹುಳ ಹಣ್ಣಾಗವೆ ಮೇಡಂ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬುಡೋದು ನಮ್ಮವ್ವ ಒಬ್ಳ ಕೈಲಿ ಆಗಲ್ಲ. ಇನ್ಮ್ಯಾಕೆ ಕೈ ಮಾಡಿದ್ರೆ ಕೇಳಿ" ಎಂದು ಅತ್ತ. ಮೇಲ್ವಿಚಾರಕಿ ರಜೆಯಲ್ಲಿದ್ದರು. ಅವರು ಬರುವ ತನಕ ಯಾರನ್ನೂ ಕಳಿಸುವಂತಿರಲಿಲ್ಲ. ಅದೇನು ಮಹಾ ಎಂದುಕೊಂಡೆ.

ರೂಪಾ ತಲೆಯೆತ್ತಲಿಲ್ಲ. "ನೀವೇ ಹೇಳಿ ಅಕ್ಕಾ. ಹೋಗು ಅಂದ್ರೆ ಓಯ್ತೀನಿ."

"ಗಂಡಸು ಸುಮ್ನೆ ಅಳಲ್ಲ ಕಣವ್ವ. ಹೋಗು" ಎಂದೆ.

ಎದುರಿನ ಅಂಗಡಿಯಿಂದ ಅಕ್ಕಿ, ಬೆಲ್ಲ, ಕೊಬ್ಬರಿ ತರಿಸಿ, ತವರಿನವಳಂತೆ ನಾನೇ ಮಡಿಲು ತುಂಬಿ ಕಳಿಸಿದೆ. ಹೋಗುತ್ತ ಅವಳು ಎರಡು ಸಲ ತಿರುಗಿ ನನ್ನನ್ನೇ ನೋಡಿದಳು. ಖುಷಿಗೆ ಎಂದುಕೊಂಡೆ. ಅಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಒಂದು ಸಂಸಾರ ಉಳಿಸಿದೆ ಎಂದು ಹೇಳಿಕೊಂಡೆ.

ಹದಿನೈದು ದಿನದ ಮೇಲೆ ರೂಪಾ ಮತ್ತೆ ಸೇರಿದ್ದಾಳೆ ಎಂದು ಆಸ್ಪತ್ರೆಯಿಂದ ಕೇಂದ್ರಕ್ಕೆ ಫೋನ್ ಬಂತು. ಓಡಿದೆ. ಈಗ ಬಲಗೈಗೂ ಪಟ್ಟಿ, ಒಂದು ಕಣ್ಣಿಗೆ ಬ್ಯಾಂಡೇಜು. ಆ ಕಣ್ಣು ಇನ್ನು ಕಾಣುವುದಿಲ್ಲ ಎಂದು ನರ್ಸ್ ಹೇಳಿದರು. ಅವಳ ಅತ್ತೆ ಕಾಫಿ ತರಲು ಹೋಗಿದ್ದಳು, ಮಂಚದ ಹತ್ತಿರ ನಾವಿಬ್ಬರೇ.

"ನಾನು ಕಣವ್ವ, ಅಕ್ಕ. ಏನಾಯ್ತು ಹೇಳು, ಈಗಲೇ ಪೊಲೀಸ್ನೋರ್ನ ಕರೀತೀನಿ."

ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದಳು. ಆಮೇಲೆ, "ಬಚ್ಚಲಲ್ಲಿ ಜಾರ್ಬುಟ್ಟೆ ಮೇಡಂ" ಎಂದಳು.

ಪೊಲೀಸರೂ ಅದನ್ನೇ ಬರೆದುಕೊಂಡು ಹೋದರು. ವಾರದ ಮೇಲೆ ಗಂಡನೇ ಬಂದು ಕರೆದುಕೊಂಡು ಹೋದ.

ಕೇಂದ್ರಕ್ಕೆ ಈಗಲೂ ಹೋಗುತ್ತೇನೆ. ಬುದ್ಧಿ ಹೇಳುವುದನ್ನು ಬಿಟ್ಟಿದ್ದೇನೆ, ಬರೀ ಕೇಳುತ್ತೇನೆ. ಅದರಿಂದ ರೂಪಾಗೆ ಯಾವ ಪ್ರಯೋಜನವೂ ಇಲ್ಲ. ಅವಳು ಮತ್ತೆ ಬರಲಿಲ್ಲ. ನಿಜ ಹೇಳಿಕೊಳ್ಳಲು ಅವಳಿಗೆ ಇದ್ದವಳು ಒಬ್ಬಳೇ ಅಕ್ಕ. ಅವಳನ್ನು ವಾಪಸ್ ಕಳಿಸಿದ್ದು ಆ ಅಕ್ಕನೇ.